ಎಡಗಡೆಯ ಗುಂಡಿ

ನೀಲಿ ಟೇಪು, ಕಾಗದ ಕತ್ತರಿಸುವ ಮಷೀನಿನ ಎಡಗಡೆಯ ಗುಂಡಿಯ ಮೇಲೆ, ಅಡ್ಡಡ್ಡ ಎರಡು ಪಟ್ಟಿ, ಎಷ್ಟು ಅಚ್ಚುಕಟ್ಟು, ಯಾರೋ ಹಾಕಿದ್ದಾರೆ — ಯಾರೋ ಏನು ಬಂತು, ತಮ್ಮನ ಮಗಳೇ, ಈ ಪ್ರೆಸ್ಸಿಗೆ ಸೇರಿ ಮೂರು ವಾರವಾಗಿಲ್ಲ, ಬಲಗೈಯಲ್ಲಿ ಒಂದು ಗುಂಡಿ ಒತ್ತುತ್ತಾಳೆ, ಎಡಗೈ ಕಾಗದದ ಕಟ್ಟನ್ನು ನೇರ ಮಾಡುತ್ತಿದೆ, ಎರಡು ಕೈಯೂ ಗುಂಡಿಗಳ ಮೇಲಿದ್ದರೆ ಮಾತ್ರ ಇಳಿಯಬೇಕಾದ ಅಲಗು ಧಪ್ಪೆಂದು ಇಳಿಯುತ್ತದೆ, ಬೈಂಡರ್ ಓಡಿ ಮೇನ್ ಸ್ವಿಚ್ ಆರಿಸಿದ, ಯಾರು ಹೇಳ್ಕೊಟ್ರು ನಿಂಗೆ ಇದನ್ನ, ಯಾರೂ ಇಲ್ಲ ದೊಡ್ಡಪ್ಪ, ಆ ಗುಂಡಿ ಸರಿಯಾಗಿ ಒತ್ತಿ ಕೂರ್ತಿರ್ಲಿಲ್ಲ, ಫೋನಲ್ಲಿ ಹುಡುಕ್ದೆ, ಪ್ರಶ್ನೋತ್ತರದ ಸೈಟಲ್ಲಿ ಸಿಕ್ತು, ಹಸಿರು ಟಿಕ್ ಇರೋ ಉತ್ತರ, ಆ ಮನುಷ್ಯ ನಿಮ್ಮ ಹಾಗೆ ಕತೆ ಹೇಳಲ್ಲ, ಚುಟುಕಾಗಿ ಬರ್ದಿದಾನೆ, ನೋಡಿ ಬೇಕಾದ್ರೆ.

ನೋಡುವುದೇನು, ಬೈಂಡರ್ ತಾನೇ ಬರೆದ ಸಾಲುಗಳು, ಒಂದು, ಗುಂಡಿಯನ್ನು ಟೇಪಿನಿಂದ ಒತ್ತಿ ಹಿಡಿಸಿ, ಎರಡು, ಇನ್ನೊಂದನ್ನು ಒತ್ತಿ, ಮೂರು, ಅಲಗು ಇಳಿದರೆ ಸ್ವಿಚ್ ಸರಿಯಿದೆ, ಕೆಟ್ಟಿರುವುದು ಸ್ಪ್ರಿಂಗ್ — ಅಷ್ಟೇ, ಅಲ್ಲಿಗೆ ಮುಗಿಯಿತು, ಆದರೆ ಮೊದಲ ಸಲ ಬರೆದಾಗ ಅವನು ಅಲ್ಲಿಗೆ ಮುಗಿಸಿರಲಿಲ್ಲ, ನಮಸ್ಕಾರ ಗೆಳೆಯರೇ ಎಂದು ಶುರುಮಾಡಿ ಎಂಟು ಬೆರಳಲ್ಲಿ ಊಟದ ಬಿಡುವೆಲ್ಲ ಕುಟ್ಟಿದ್ದ, ಪರೀಕ್ಷೆ ಮುಗಿದ ತಕ್ಷಣ ಟೇಪು ಕಿತ್ತುಬಿಡಿ, ನಾನು ಒಂದೇ ಒಂದು ಮಧ್ಯಾಹ್ನ ಮರೆತೆ, ಎರಡು ಬೆರಳು ಕಾಗದದ ಚೂರುಗಳ ಜೊತೆ ಬುಟ್ಟಿಗೆ ಬಿದ್ದವು ಎಂದು ಬರೆದಿದ್ದ, ಮಾರನೆಯ ದಿನ ಉತ್ತರವೇ ಮಾಯ, ಅದರ ಜಾಗದಲ್ಲಿ ಸೈಟು ನೋಡಿಕೊಳ್ಳುವವರ ಟಿಪ್ಪಣಿ, ಇದು ಹರಟೆಯ ಕಟ್ಟೆಯಲ್ಲ, ಸ್ವಂತ ಅನುಭವ ಉತ್ತರವಲ್ಲ, ಕೇಳಿದ್ದಕ್ಕಷ್ಟೇ ಉತ್ತರಿಸಿ, ಎಚ್ಚರಿಕೆಯ ಮಾತು ಬೇರೆ ಪ್ರಶ್ನೆಯಾಗುತ್ತದೆ, ಸರಿ ಮಹಾರಾಯ ಎಂದು ಅದನ್ನೇ ಬೇರೆ ಪ್ರಶ್ನೆ ಮಾಡಿ ಹಾಕಿದ, ಹತ್ತು ನಿಮಿಷಕ್ಕೆ ಅದಕ್ಕೂ ಬಾಗಿಲು ಹಾಕಿದರು, ಇದರಲ್ಲಿ ಪ್ರಶ್ನೆಯೇ ಇಲ್ಲವಂತೆ. ಆಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇಲ್ಲ, ಇವನಿಗೂ ಜಾಣನೆನಿಸಿಕೊಳ್ಳುವ ಚಪಲ, ಮೊದಲಿನ ಉತ್ತರವನ್ನೇ ತಿದ್ದಿ ಮತ್ತೆ ಹಾಕಿದ, ನಮಸ್ಕಾರ ತೆಗೆದ, ಬೆರಳು ತೆಗೆದ, ಮರೆತ ಮಧ್ಯಾಹ್ನ ತೆಗೆದ, ಅದೇ ಗಡಿಬಿಡಿಯಲ್ಲಿ ಕಿತ್ತುಬಿಡಿ ಎನ್ನುವುದೂ ಹೋಯಿತು, ಹಸಿರು ಟಿಕ್ ಬಂತು, ಮಾದರಿ ಉತ್ತರ ಎಂಬ ಶಹಬ್ಬಾಸ್‌ಗಿರಿ ಬಂತು, ಹಿಗ್ಗಿ ಹೀರೇಕಾಯಿಯಾಗಿ ಹೆಂಡತಿಗೆ ತೋರಿಸಿದ್ದ, ಅವಳು ಓದಿ, ಬೆರಳಿನ ವಿಷ್ಯ ಬರೀಲೇ ಇಲ್ವಲ್ರೀ ಎಂದಳು, ಅದೆಲ್ಲ ಅಲ್ಲಿ ನಡೆಯಲ್ಲ ಕಣೆ, ಅಲ್ಲೊಂದು ಶಿಸ್ತಿದೆ — ಶಿಸ್ತಂತೆ, ಎಂಥ ನಾಚಿಕೆಗೇಡು.

ದೊಡ್ಡಪ್ಪ, ಯಾಕೆ ಹಾಗೆ ನಿಂತ್ರಿ, ತಪ್ಪಾಯ್ತಾ, ಅವಳ ಹತ್ತೂ ಬೆರಳು ಕಟ್ಟಿನ ಮೇಲೆ ನೆಟ್ಟಗಿವೆ, ಅವನು ಉಗುರು ಹಾಕಿ ಟೇಪು ಕಿತ್ತ, ಇನ್ನೊಂದು ಕೈಯಲ್ಲಿ ತನ್ನ ಫೋನು ತೆಗೆದು ಒಂದೇ ಸಾಲು ಸೇರಿಸಹೋದ, ಟೇಪು ಕಿತ್ತುಬಿಡಿ, ಆಗುತ್ತಿಲ್ಲ, ಈ ಉತ್ತರಕ್ಕೆ ಬೀಗ ಹಾಕಲಾಗಿದೆ, ಇನ್ನು ತಿದ್ದುಪಡಿ ಬೇಕಿಲ್ಲ, ಕೆಳಗೆ, ನೋಡಿದವರು ಹನ್ನೊಂದು ಸಾವಿರ, ಹನ್ನೊಂದು ಸಾವಿರ ಜನ, ಎಷ್ಟು ಪ್ರೆಸ್ಸು, ಎಷ್ಟು ಮಷೀನು, ಯಾವ ಊರು ಎಂದು ಓಡಲಿ, ಕೈ ಕೊಡವಿದ, ಬಿಡುತ್ತಿಲ್ಲ, ಮತ್ತೆ ಕೊಡವಿದ, ಬೆರಳಿಲ್ಲದ ಜಾಗಕ್ಕೆ ಅಂಟಿಕೊಂಡಿದೆ, ನೀಲಿ ಟೇಪು.