ಹಿತ್ತಲ ಕೋಲಿಯ ಮೂವತ್ತೆರಡು ಡಿಗ್ರಿ

ಹನ್ನೊಂದನೆಯ ಕೊಡದ ನೀರು ಸುರುವಿದಾಗಲೂ ಮನೆಯ ಮೇಲಿನ ಸ್ಲ್ಯಾಬು ಚುಂಯ್ ಎಂದಿತು. ವಿದ್ಯಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರು ಹರಿದ ಜಾಗದಲ್ಲಷ್ಟೇ ಕಾಲಿಡುತ್ತ ಹಿಂದೆ ಸರಿದಳು. ಇನ್ನೂ ಒಂಬತ್ತು ಕೊಡ ಬಾಕಿ. ದಿನಾ ಸಂಜೆ ಇಪ್ಪತ್ತು ಕೊಡ ಎಂದು ಗೊತ್ತುಮಾಡಿದವನು ಅವಳ ಗಂಡ ಅನೀಲಕುಮಾರ. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ನೀರು ಆವಿಯಾಗುವಾಗ ಸ್ಲ್ಯಾಬಿನ ಕಾವನ್ನು ಹೇಗೆ ಎಳೆದೊಯ್ಯುತ್ತದೆಂದು ಅವನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದ. ಚಿತ್ರದಲ್ಲಿ ಸೂರ್ಯನಿದ್ದ, ಸ್ಲ್ಯಾಬಿತ್ತು, ಮೇಲಕ್ಕೂ ಕೆಳಕ್ಕೂ ಬಾಣದ ಗುರುತುಗಳಿದ್ದವು. ಕೊಡ ಹೊರುವವಳು ಮಾತ್ರ ಇರಲಿಲ್ಲ. ನಳದ ನೀರು ಪೈಪಿನಲ್ಲಿ ಮೇಲೇರುತ್ತಿರಲಿಲ್ಲ. ಅದು ಯಾಕೆ ಏರುವುದಿಲ್ಲವೆಂಬುದಕ್ಕೂ ಅವನ ಬಳಿ ಚಿತ್ರವಿತ್ತು.

ಖಾಲಿ ಕೊಡ ಹಿಡಿದು ಇಳಿದಾಗ ಪಡಸಾಲೆಯಲ್ಲಿ ತಾಳಿಕೋಟೆಯ ತಬ್ರೇಜ ಕೂತಿದ್ದ. ಮನೆಗಳಿಗೆ ಫಾಲ್ಸ್ ಸೀಲಿಂಗ್ ಹಾಕುವುದು ಅವನ ದಂಧೆ. ಎರಡು ಎಸಿಗಳ ಕರೆಂಟ್ ಬಿಲ್ಲು ನೋಡಿ ಕಂಗಾಲಾದ ಅನೀಲಕುಮಾರ, ಸ್ಲ್ಯಾಬಿನ ಕಾವು ಕೆಳಗಿಳಿಯದಂತೆ ತಡೆಯಲು ಅವನನ್ನು ಕರೆಸಿದ್ದ. ಟೀಪಾಯಿಯ ಮೇಲೆ ನಾಲ್ಕಾರು ತುಣುಕುಗಳು ಹರಡಿದ್ದವು.

“ಸರ, ಇದು ಥರ್ಮಾಕೋಲ್. ಇದು ಗಾಜಿನ ಉಣ್ಣಿ, ಮ್ಯಾಲ ಬೆಳ್ಳಿ ಹಾಳಿ ಐತಿ. ವಿಜಾಪುರದಾಗ ಒಬ್ಬ ಡಾಕ್ಟರ್ ಮನ್ಯಾಗ ಇದನ್ನ ಹಾಕೇವಿ.”

“ಇದರ ಕೆ ವ್ಯಾಲ್ಯೂ ಎಷ್ಟು?” ಅನೀಲಕುಮಾರ ಕನ್ನಡಕ ಮೇಲೇರಿಸಿ, ಅದು ಕಾವನ್ನು ಎಷ್ಟು ದಾಟಿಸುತ್ತದೆಂಬ ಲೆಕ್ಕ ಕೇಳಿದ.

“ಎಲ್ಲಾ ಐತ್ರಿ ಸರ ಇದರಾಗ.”

ಅನೀಲಕುಮಾರ ತೃಪ್ತನಾಗಿ ತಲೆಯಾಡಿಸಿದ. ವಿದ್ಯಾವತಿ ಗಂಡನ ಮುಖವನ್ನು ನೋಡಿದಳು. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ಮುಖಕ್ಕೆ ಜಗತ್ತಿನ ಎಲ್ಲ ಸಂಗತಿ ಗೊತ್ತಿದೆಯೆಂದು ನಂಬಿ ಅವಳು ಸಿಂದಗಿಯಿಂದ ಈ ಮನೆಗೆ ಬಂದಿದ್ದಳು. ಬೆಳ್ಳಿ ಹಾಳೆಯ ಮುಂದೆ ಅದು ಜಾತ್ರೆಯಲ್ಲಿ ಬಳೆ ಆರಿಸುವ ಹುಡುಗಿಯ ಮುಖದಂತಿತ್ತು.

“ನಾ ಸುಮ್ಮನ ತಗೊಳ್ಳಾಂವ ಅಲ್ಲ, ತಬ್ರೇಜ. ರೀಡಿಂಗ್ ತಗೊಂಡೇನಿ,” ಎಂದು ಅವನು ನೋಟ್‌ಬುಕ್ ತೆರೆದ. ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರ್ ತಂದು ವಾರವಿಡೀ ಮಧ್ಯಾಹ್ನ ಎರಡು ಗಂಟೆಗೆ ಮನೆಯೊಳಗೆಲ್ಲ ಅಳೆದಿದ್ದ. ಪಡಸಾಲೆ ನಲವತ್ತು. ಮಲಗುವ ಕೋಣೆ ನಲವತ್ತೊಂದು. ಅಡುಗೆಮನೆಯ ಹೆಸರೇ ಅದರಲ್ಲಿರಲಿಲ್ಲ.

“ಅಡಗಿಮನಿಗೆ ಏನೂ ಇಲ್ಲೇನ್ರಿ?” ವಿದ್ಯಾವತಿ ಕೇಳಿದಳು.

“ಅಲ್ಲಿ ಒಲಿ ಇರತೈತಿ. ರೀಡಿಂಗ್ ಕೆಡತೈತಿ. ಎಷ್ಟು ಹಾಕಿದ್ರೂ ವೇಸ್ಟ್.”

ತಬ್ರೇಜ ಅವಳ ಹಣೆಯ ಬೆವರು ನೋಡಿ ದೃಷ್ಟಿ ತಪ್ಪಿಸಿದ. ನೋಟ್‌ಬುಕ್ಕಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಸರ, ಹಿತ್ತಲ ಕೋಲಿ ಮೂವತ್ತೆರಡು ಅಂತ ಬರದೀರಲ್ರಿ?” ಎಂದ.

“ಅದು ಎರರ್. ನೋಡಲ್ಲೆ, ಕೆಂಪು ಶಾಯಿಲೆ ಪ್ರಶ್ನಿ ಗುರುತು ಹಾಕೇನಿ.”

ಮೂರು ದಿನ ಅಳೆದರೂ ಅಲ್ಲಿ ಮೂವತ್ತೆರಡೇ ಬಂದಿತ್ತು. ನಾಲ್ಕನೆಯ ದಿನ ಅವನು ಥರ್ಮಾಮೀಟರನ್ನೇ ಬದಲಿಸಿದ. ಅದಕ್ಕೂ ಬುದ್ಧಿ ಬರಲಿಲ್ಲ.

“ಮಣ್ಣಿನ ಮಾಳಿಗಿ ಅಂದ್ರ ತಂಪ ಇರತೈತ್ರಿ ಸರ. ನಾಲತವಾಡದಾಗ ನಮ್ಮ ನಾನಿ ಮನಿ…” ತಬ್ರೇಜ ತನ್ನ ದಂಧೆ ನೆನಪಾಗಿ ಮಾತು ನುಂಗಿದ.

“ಆ ಮಾತು ಬಿಡು. ಸೈಂಟಿಫಿಕ್ ಆಗಿ ಮಾತಾಡೋಣು. ಆ ಕೋಲಿ ಕೆಡವಿ, ತೊಲಿ ಮಾರಿ, ಅಲ್ಲೂ ಸ್ಲ್ಯಾಬ್ ಹಾಕಸ್ತೇನಿ. ತೊಲಿ ಸಾಗವಾನಿವು. ಅದರ ರೊಕ್ಕದಾಗ ನಿನ್ನ ಕೆಲಸ ಮುಗೀತೈತಿ.”

ವಿದ್ಯಾವತಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಮನೆಯಲ್ಲಿ ತಂಪಾಗಿರುವ ಒಂದೇ ಒಂದು ಕೋಲಿ. ಅದನ್ನು ಕೆಡವಿ, ಆ ಹಣದಿಂದ ಉಳಿದ ಮನೆಯನ್ನು ತಂಪು ಮಾಡಿಸಲು ಎರಡು ಡಿಗ್ರಿ ಓದಿದವನೇ ಬೇಕು.

ಆ ಕೋಲಿ ಅವಳ ಅತ್ತೆ ಗುರವ್ವನದಾಗಿತ್ತು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮೊಳ ದಪ್ಪದ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಬಾಡಿಗೆ ಹೊಡೆಯುವ ಬೀರಣ್ಣ ತನ್ನ ಟ್ರ್ಯಾಕ್ಟರಿನಲ್ಲಿ ಹಾಳಮಣ್ಣು ತಂದು ಸುರುವುತ್ತಿದ್ದ. ನೀರು ಇಳಿಯಗೊಡದ ಆ ಮಣ್ಣನ್ನು ಎಪ್ಪತ್ತರ ಗುರವ್ವ ತಾನೇ ಮೇಲೇರಿ ಕಾಲಿನಿಂದ ತುಳಿದು ಕೂಡಿಸುತ್ತಿದ್ದಳು. ಉಳಿದ ಮನೆಯ ಮಣ್ಣಿನ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸುವಾಗ ಮಗನೊಂದಿಗೆ ಜಗಳಾಡಿ ಉಳಿಸಿಕೊಂಡ ಕೋಲಿ ಅದು. “ನನ್ನ ಮಗಗ ಎಲ್ಲಾ ಗೊತ್ತೈತಿ, ತನ್ನ ಮನಿ ಒಳಗ ಏನೈತಿ ಅನ್ನೂದೊಂದ ಬಿಟ್ಟು,” ಎನ್ನುತ್ತಿದ್ದಳು. ಸಾಯುವ ಮುಂಚೆ ಅದನ್ನು ಸೊಸೆಯ ಹೆಸರಿಗೆ ಬರೆದಿದ್ದು ಪ್ರೀತಿಗೋ ಮಗನ ಮೇಲಿನ ಸಿಟ್ಟಿಗೋ, ವಿದ್ಯಾವತಿ ಕೇಳಿರಲಿಲ್ಲ.

ಆ ಜಗಳದಲ್ಲಿ ಅವಳೂ ಗಂಡನ ಪಕ್ಷವೇ. ಸ್ಲ್ಯಾಬಿನ ಮನೆಯಾಯಿತೆಂದು ತವರಿನಲ್ಲಿ ಹೇಳಿಕೊಂಡು ತಿರುಗಿದ್ದಳು. ಅತ್ತೆಯ ಮಣ್ಣುಗಾಲು ಕಂಡು ಮೂಗು ಮುರಿದಿದ್ದಳು. ಈಗ ಅದನ್ನು ನೆನೆದರೆ ಗಂಡನ ಮೇಲಿನ ತಾತ್ಸಾರದಲ್ಲಿ ಒಂದು ಪಾಲು ತನಗೂ ಬರುತ್ತಿತ್ತು. ಹೋದ ವರ್ಷ ಅತ್ತೆ ತೀರಿಕೊಂಡಳು, ಮಣ್ಣು ಬೀಳಲಿಲ್ಲ. ಈ ವರ್ಷವೂ ಬೀಳದಿದ್ದರೆ ಮೊದಲ ಮಳೆಗೇ ಸೋರುತ್ತದೆ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಅವಳು ಕೌದಿ ಹಾಸಿಕೊಂಡು ಯಾರ ಮಾತನ್ನೂ ಕೇಳದೆ ಮಲಗುವ ಆ ಒಂದು ತಾಸೂ ಅಲ್ಲಿಗೆ ಮುಗಿಯುತ್ತದೆ.

ಚಹಾ ಕುಡಿದು ತಬ್ರೇಜ ಎದ್ದ. ಹೊಸ್ತಿಲ ಬಳಿ ನಿಂತು, “ಅಕ್ಕಾರ, ಅಡಗಿಮನಿ ಮ್ಯಾಲ ಬಿಳಿ ಸುಣ್ಣನರ ಬಳಿಸ್ರಿ. ನನಗ ಅದರಾಗ ಏನೂ ಉಳಿಯಂಗಿಲ್ಲ, ಆದ್ರೂ ಹೇಳಾಕತ್ತೇನಿ,” ಎಂದು ಮೆತ್ತಗೆ ಹೇಳಿ ಹೋದ. ಕೆ ವ್ಯಾಲ್ಯೂ ಗೊತ್ತಿಲ್ಲದವನಿಗೆ ಅಡುಗೆಮನೆ ಕಂಡಿತ್ತು.

ಅನೀಲಕುಮಾರ ಒಂದು ಕಾಗದ ತಂದು ಅವಳ ಕೈಗಿಟ್ಟ. ಕೋಲಿ ಕೆಡವಲು ಪುರಸಭೆಗೆ ಕೊಡುವ ಅರ್ಜಿ. ಕೆಳಗೆ ಅವಳ ಹೆಸರು ಟೈಪಾಗಿತ್ತು.

“ಸೋಮವಾರ ನಾ ಹುಬ್ಬಳ್ಳಿಗೆ ಮೌಲ್ಯಮಾಪನಕ್ಕ ಹೊಂಟೇನಿ. ಹನ್ನೆರಡು ದಿನ. ಸಹಿ ಮಾಡಿ ಇಡು, ಬಂದ ಕೂಡ್ಲೆ ಕೊಡ್ತೇನಿ. ಓದಾಕ ಹೋಗಬ್ಯಾಡ, ಎಲ್ಲಾ ಟೆಕ್ನಿಕಲ್ ಐತಿ.”

“ಹೂಂನ್ರಿ,” ಎಂದಳು.

ಅವನು ಎಸಿ ಹಚ್ಚಿಕೊಂಡು ಪಡಸಾಲೆಯ ಬಾಗಿಲು ಮುಂದೆ ಮಾಡಿದ. ವಿದ್ಯಾವತಿ ನಳದ ನೀರು ತುಂಬಿಟ್ಟ ಹೌದಿನಲ್ಲಿ ಹನ್ನೆರಡನೆಯ ಕೊಡ ತುಂಬಿದಳು. ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತು, ಕೊಡವನ್ನು ಹಿತ್ತಲಿಗೆ ಒಯ್ದಳು. ಕೋಲಿಯ ಹೊಸ್ತಿಲಲ್ಲಿ ಕೂತು ಅದೇ ನೀರಿನಿಂದ ಸುಟ್ಟ ಪಾದಗಳನ್ನು ನಿಧಾನವಾಗಿ ತೊಳೆದುಕೊಂಡಳು. ಉಳಿದದ್ದನ್ನು ನೆಲಕ್ಕೆ ಚಿಮುಕಿಸಿದಳು. ಮಣ್ಣಿನ ವಾಸನೆ ಎದ್ದಿತು.

ಅರ್ಜಿಯನ್ನು ಅವಳು ಪೂರ್ತಿ ಓದಿದಳು. ‘ಶಿಥಿಲಗೊಂಡ, ವಾಸಕ್ಕೆ ಯೋಗ್ಯವಲ್ಲದ ಕಟ್ಟಡ’ ಎಂದಿತ್ತು. ತಲೆ ಎತ್ತಿ ತೊಲೆಗಳನ್ನು ನೋಡಿದಳು. ಒಂದಕ್ಕೂ ಹುಳು ಹತ್ತಿರಲಿಲ್ಲ. ಗುರವ್ವ ಔಷಧದ ಚೀಟಿ, ಪಿಂಚಣಿಯ ಪುಸ್ತಕ ಸಿಕ್ಕಿಸಿಡುತ್ತಿದ್ದ ಜಂತಿಯ ಸಂದಿಗೆ ಎದ್ದುನಿಂತು ಕೈ ಚಾಚಿ, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಒಳಗೆ ತಳ್ಳಿದಳು.

ಸಹಿ ಬೀಳುವುದಿಲ್ಲ. ಸೋಮವಾರ ಅವನ ಬಸ್ಸು ಹೋಗಲಿ. ಮಂಗಳವಾರ ಬೀರಣ್ಣ ಬರಲಿ. ಎರಡು ಟ್ರಿಪ್ ಮಣ್ಣು ಸಾಕು. ತುಳಿಯಲು ಅವಳಿಗೆ ಎರಡು ಕಾಲುಗಳಿವೆ, ಮಾಡಲು ಹನ್ನೆರಡು ದಿನಗಳಿವೆ.

ಮುಚ್ಚಿದ ಬಾಗಿಲ ಆಚೆಯಿಂದ ಅವನ ದನಿ ಬಂತು. “ವಿದ್ಯಾ, ಇಪ್ಪತ್ತು ಕೊಡ ಆತೇನು?”

ವಿದ್ಯಾವತಿ ಖಾಲಿ ಕೊಡವನ್ನು ಗೋಡೆಯ ಬಳಿ ಬೋರಲು ಹಾಕಿದಳು.

“ಆತ್ರಿ,” ಎಂದಳು.