ಪ್ರಭುಲಿಂಗಪ್ಪನವರ ಕಿವಿ

ಹಾವೇರಿಯ ಪ್ರಶಾಂತ ನಗರದಲ್ಲಿ ಎರಡು ಬಗೆಯ ಸದ್ದುಗಳಿವೆ. ಸ್ವಂತ ಮನೆ ಇದ್ದವರು ಮಾಡುವುದು ಒಂದು, ಬೀರವ್ವ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲಿ ಸದ್ದು ಎನ್ನುವ ರೂಢಿಯಿಲ್ಲ. ಕಾರು ಹಿಂದಕ್ಕೆ ಸರಿಯುವಾಗ ಅದರ ಬೆನ್ನಿನಿಂದ ಹೊರಡುವ ಆರತಿಯ ಧಾಟಿ ಭಕ್ತಿ. ಬೋರು ಕೊರೆಯುವಾಗ ಮೂರು ಓಣಿಯ ಕಿಟಕಿಗಳು ನಡುಗಿದರೆ ಅಭಿವೃದ್ಧಿ. ಬೆಳಗಿನ ಐದಕ್ಕೆ ನಾಲ್ಕು ಮನೆಗಳ ಮೋಟರುಗಳು ಒಟ್ಟಿಗೆ ಊಳಿಟ್ಟರೆ ನೀರಿನ ಅನುಕೂಲ. ರೈಲು ಕೂಗಿದರಂತೂ ಹೆಮ್ಮೆ. ಮನೆಗೆ ಬಂದ ಬೀಗರಿಗೆ "ಸ್ಟೇಷನ್ನು ನಮಗ ಭಾಳ ಹತ್ರ ಐತ್ರಿ" ಎಂದು ಹೇಳಿಕೊಳ್ಳಲು ಅಷ್ಟು ಗಟ್ಟಿಯಾದ ಸಾಕ್ಷಿ ಬೇರೆಲ್ಲಿ ಸಿಗಬೇಕು? ಬೀರವ್ವನ ಖಾರ ಕುಟ್ಟುವ ಗಿರಣಿ ಮಾತ್ರ ಶಬ್ದಮಾಲಿನ್ಯ.

ಈ ಪದವನ್ನು ಬಡಾವಣೆಗೆ ತಂದವರು ಪ್ರಭುಲಿಂಗಪ್ಪ. ಬ್ಯಾಡಗಿ ಪೇಟೆಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿ, ಹಾವೇರಿಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಕೆಳಗಿನ ಅಂತಸ್ತಿನಲ್ಲಿ ಚೀಲಗಳನ್ನೂ ಮೇಲಿನ ಎರಡರಲ್ಲಿ ಸಂಸಾರವನ್ನೂ ಇಟ್ಟವರು. ಬಡಾವಣೆಯ ಸಂಘಕ್ಕೆ ಅಧ್ಯಕ್ಷರು. ಪೇಟೆಯಲ್ಲಿ ಅವರ ಕಿವಿಗೆ ಹೆಸರಿತ್ತು. ಒಂದು ಹಿಡಿ ಒಣಮೆಣಸಿನಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಬೀಜ ಗಿಲಗಿಲ ಎಂದರೆ ಮಾಲು ಒಣಗಿದೆ, ಮೂಕವಾಗಿದ್ದರೆ ಹಸಿ. ಇಷ್ಟು ವಿದ್ಯೆ ಪೇಟೆಯ ಹಮಾಲರಿಗೂ ಇತ್ತು. ಆದರೆ ಅವರಾರೂ ಕಣ್ಣು ಮುಚ್ಚಿಕೊಂಡು ಅಲ್ಲಾಡಿಸುತ್ತಿರಲಿಲ್ಲ.

"ಕಿವೀನ ನಮ್ಮ ಹೊಟ್ಟಿಪಾಡು ನೋಡವಾ," ಎಂದು ಅವರು ಬೀರವ್ವನಿಗೆ ಹೇಳಿದ್ದರು. "ನಿನ್ನ ಗಿರಣಿ ಬಡಿತಕ್ಕ ಅದು ಮೊಂಡಾಗಾಕತ್ತೈತಿ. ಊರ ಹೊರಗ ಒಯ್ಯಿ."

"ಊರ ಹೊರಗ ಇಟ್ಟಿದ್ನಿರಿ ಸಾಹುಕಾರ್ರ," ಎಂದಳು ಬೀರವ್ವ. "ಆಗ ಇಲ್ಲಿ ಹತ್ತಿ ಹೊಲ ಇತ್ತು. ಊರs ನನ್ನ ಬಾಜೂಕ ಬಂದು ಕುಂತೈತಿ. ಹತ್ತಿ ಗಿಡ ಇಪ್ಪತ್ತು ವರ್ಷ ಏನೂ ಅಂದಿದ್ದಿಲ್ಲ."

ಬೀರವ್ವನಿಗೆ ಐವತ್ತೈದು. ಗಂಡ ಹೋದ ಮೇಲೆ ಆ ತಗಡಿನ ಶೆಡ್ಡೇ ಅವಳ ಮನೆ, ಹೊಲ, ದುಡಿಮೆ ಎಲ್ಲ. ನಾಲ್ಕು ಕಬ್ಬಿಣದ ಒನಕೆಗಳು ಸರದಿಯಂತೆ ಎದ್ದು ಒರಳಿಗೆ ಬೀಳುತ್ತಿದ್ದವು. ಅವಳು ಅವುಗಳಿಗೆ ಬೆನ್ನು ಹಾಕಿ ಕೂತು ಡಬ್ಬಿಗಳ ಪಾಳಿ ನೋಡಿಕೊಳ್ಳುತ್ತಿದ್ದಳು. ಖಾರ ನುಣ್ಣಗಾಯಿತೋ ಇಲ್ಲವೋ ಎಂದು ಎದ್ದು ನೋಡಿದವಳಲ್ಲ. ಸದ್ದು ತುಸು ಬದಲಾದರೆ ತಿರುಗದೆಯೇ "ಆತು, ತಗೀರಿ" ಎನ್ನುತ್ತಿದ್ದಳು. ಕಣ್ಣು ಮುಚ್ಚಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಿರಣಿ ಮುಚ್ಚಿಸಬೇಕೆಂದು ಪ್ರಭುಲಿಂಗಪ್ಪ ನಗರಸಭೆಗೆ ಬರೆದ ಅರ್ಜಿಗೆ ನಲವತ್ತೊಂದು ಸಹಿ ಬಿದ್ದವು. ಮಾರ್ಚ್ ತಿಂಗಳು, ವರ್ಷದ ಖಾರ ಕುಟ್ಟಿಸುವ ಕಾಲ. ಸಹಿ ಹಾಕಿದ ಕೈಗಳೇ ಮರುದಿನ ಡಬ್ಬಿ ಹಿಡಿದು ಗಿರಣಿಯ ಮುಂದೆ ಸಾಲಾಗಿ ನಿಂತವು. ಸರಕಾರಿ ಶಾಲೆಯ ಶ್ರೀದೇವಿ ಟೀಚರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಧ್ಯಕ್ಷರಿಗೆ ಫೋನು ಮಾಡಿದರು: "ಅಣ್ಣಾರ, ಮುಚ್ಚಿಸೋದು ಮುಚ್ಚಸ್ರಿ, ಶಾಂತಿ ಬೇಕs ಬೇಕು. ಆದ್ರ ನನ್ನ ಪಾಳಿ ಶುಕ್ರವಾರ ಐತಿ. ಅದೊಂದು ಮುಗೀಲಿ."

ನಗರಸಭೆಯಿಂದ ಸಿದ್ದಲಿಂಗೇಶ ಎಂಬ ಎಳೆಯ ಇಂಜಿನಿಯರು ಸದ್ದು ಅಳೆಯುವ ಅಂಗೈಯಗಲದ ಯಂತ್ರ ಹಿಡಿದು ಬಂದ. ಮೊದಲ ಸಲ ಬಂದಾಗ ಸುಮ್ಮನೆ ನೋಡಿಹೋಗಲು ಬಂದಿದ್ದ. ಗಿರಣಿ ನಡೆಯುತ್ತಿದ್ದಾಗ ಯಂತ್ರ ಎಪ್ಪತ್ನಾಲ್ಕು ತೋರಿಸಿತು, ನಿಂತಾಗ ಐವತ್ತೆಂಟು.

"ಹತ್ತಕ್ಕಿಂತ ಹೆಚ್ಚಿಗಿ ಫರಕು ಬಂದ್ರ ನಾನು ಬೀಗ ಹಾಕಬೇಕಾಗ್ತದರಿ ಅಕ್ಕಾರ," ಎಂದ. "ಇವತ್ತಿಂದು ಕಾಗದಕ್ಕ ಬರೂದಿಲ್ಲ. ಮಂಗಳವಾರ ಎರಡೂ ಕಡಿಯವರ ಮುಂದ ಅಳೀತೇನಿ. ಅದs ಕೊನೀದು."

"ಐವತ್ತೆಂಟು ಯಾರ್ದಪಾ?" ಎಂದು ಕೇಳಿದಳು ಬೀರವ್ವ.

"ಅಂದ್ರ?"

"ನನ್ನ ಗಿರಣಿ ನಿಂತಿತ್ತಲ್ಲ. ಆ ಐವತ್ತೆಂಟು ಯಾರ್ದು?"

ಸಿದ್ದಲಿಂಗೇಶ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. ಅದಕ್ಕೆ ಅರ್ಜಿ ಬಂದಿರಲಿಲ್ಲ.

ಮಂಗಳವಾರ ಹತ್ತಿರವಾದಂತೆ ಪ್ರಭುಲಿಂಗಪ್ಪನವರಿಗೆ ಒಂದು ಸಂಶಯ ಕಾಡತೊಡಗಿತು. "ಆಕಿ ಜಾಣಿ ಅದಾಳ. ಸಾಹೇಬ್ರು ಬಂದ ಹೊತ್ತಿಗೆ ಯಾರೂ ಕಾಯಿ ತಂದಿಲ್ಲ ಅಂತ ಗಿರಣಿ ಬಂದ್ ಮಾಡಿ ಕುಂತ್ರ?" ಎಂದು ಹೆಂಡತಿಗೆ ಹೇಳಿದರು. "ನಮ್ಮವs ಹತ್ತು ಕಿಲೋ ಕಳಸಿಬಿಡು. ಮುಂಗಡ ಪಾಳಿ ಹಚ್ಚು. ಇಡೀ ಓಣಿ ಕಿವಿ ಕಿತ್ತು ಹೋಗುವಂಗ ಬಡೀಲಿ."

ಪ್ರೇಮವ್ವ ಸಂಸಾರಸ್ಥೆ. ಮನೆಗೆಂದು ತೆಗೆದಿಟ್ಟ ಕಾಯಿ ಅಟ್ಟದ ಮೇಲೆ ಡಬ್ಬಿಯಲ್ಲಿತ್ತು. ಎಂಟು ದಿನ ಬಿಸಿಲು ಕಂಡ, ಆರಿಸಿದ ಕಾಯಿ. ಬರೀ ಸದ್ದು ಮಾಡಿಸಲು ಅಂಥದ್ದನ್ನು ಕಳಿಸುವುದೆಂದರೆ ಅವಳಿಗೆ ಸಂಕಟವಾಯಿತು. ಕೆಳಗೆ ಮಾರುವ ಚೀಲಗಳು ಅಷ್ಟೊಂದಿದ್ದವಲ್ಲ. ಚೀಲಗಳ ಬಾಯನ್ನು ಗಂಡ ಗಿರಾಕಿಗೆ ತೋರಿಸಲು ಒಪ್ಪ ಮಾಡಿ ಇಟ್ಟಿದ್ದರಿಂದ ಅದನ್ನು ಕೆಡಿಸದೆ, ಒಂದು ಚೀಲದ ತಳದ ಹೊಲಿಗೆ ಬಿಚ್ಚಿ, ಹತ್ತು ಕಿಲೋ ಸುರುವಿಕೊಂಡು, ಆಳುಗಳಿಂದ ತೊಟ್ಟು ಮುರಿಸಿ ಕಳಿಸಿದಳು.

ಚೀಲ ತುಂಬುವಾಗ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವ ಪದ್ಧತಿ ಇದೆ. ಎಷ್ಟು ಚಿಮುಕಿಸಬೇಕೆಂಬುದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಪ್ರಭುಲಿಂಗಪ್ಪನವರ ಆತ್ಮಸಾಕ್ಷಿ ಆ ವರ್ಷ ಧಾರಾಳವಾಗಿತ್ತು. ಚೀಲದ ಬಾಯಿಯ ಒಂದು ಮೊಳ ಮಾತ್ರ ಗಿಲಗಿಲ ಎನ್ನುವ ಕಾಯಿ. ಕೆಳಗಿನದು ಕಿವಿಗಲ್ಲ, ತಕ್ಕಡಿಗೆ.

ಮಂಗಳವಾರ ರಾಣೇಬೆನ್ನೂರಿನಿಂದ ಕನಕಪ್ಪನೂ ಬಂದಿದ್ದ. ಮಸಾಲೆ ಪುಡಿ ಮಾಡಿ ಮಾರುವವನು, ಆ ಚೀಲಗಳನ್ನೆಲ್ಲ ಒಯ್ಯಲು ಮಾತಾಗಿತ್ತು. ಪ್ರಭುಲಿಂಗಪ್ಪ ಅವನೆದುರು ಕಣ್ಣು ಮುಚ್ಚಿ ಒಂದು ಹಿಡಿ ಅಲ್ಲಾಡಿಸಿದರು. ಕನಕಪ್ಪನೂ ಕಿವಿಗೊಟ್ಟು ತಲೆದೂಗಿದ. "ಬರ್ರಿ, ಒಂದು ಮಜಾ ತೋರಸ್ತೇನಿ," ಎಂದು ಅವನನ್ನು ಗಿರಣಿಗೆ ಕರೆದುಕೊಂಡು ನಡೆದರು. ತಮ್ಮ ಮಾತಿಗೆ ನಗರಸಭೆ ಓಡಿ ಬರುವುದನ್ನು ಗಿರಾಕಿ ನೋಡಿದರೆ ಕೆಟ್ಟದ್ದೇನೂ ಇರಲಿಲ್ಲ.

ಗಿರಣಿ ನಿಂತಾಗಿನ ಅಳತೆ ಆಯಿತು: ಐವತ್ತೆಂಟು. ಬೀರವ್ವ ಪ್ರೇಮವ್ವ ಕಳಿಸಿದ್ದ ಕಾಯಿಯನ್ನು ಒರಳಿಗೆ ಸುರುವಿ ಗುಂಡಿ ಒತ್ತಿ, ಎಂದಿನಂತೆ ಬೆನ್ನು ಹಾಕಿ ಕೂತಳು. ಅವಳ ಕೈ ಮಡಿಲಲ್ಲಿ ಬಿಗಿಯಾಗಿತ್ತು. ಒನಕೆಗಳು ಎದ್ದವು, ಬಿದ್ದವು.

ಛಟ್ ಎಂದು ಸಿಡಿಯಬೇಕಾಗಿತ್ತು. ಧಪ್ ಎಂದಿತು. ಮತ್ತೆ ಧಪ್. ಒದ್ದೆ ಗೋಣಿಯ ಮೇಲೆ ಯಾರೋ ದಪ್ಪ ಮನುಷ್ಯ ಕೂತು ಕೂತು ಏಳುತ್ತಿದ್ದಾನೆ ಎಂಬಂತಿತ್ತು.

ಬೀರವ್ವ ತಲೆಯನ್ನು ತುಸು ಎತ್ತಿದಳು. ಪ್ರಭುಲಿಂಗಪ್ಪನವರ ಮುಖದ ರಂಗು ಕರಗಿತು. ಅವರ ಕಿವಿ ಮೊಂಡಾಗಿರಲಿಲ್ಲ. ಎರಡನೆಯ ಪೆಟ್ಟಿಗೇ ಅದು ತನ್ನ ಮಾಲನ್ನು ಗುರುತಿಸಿತ್ತು. ಪ್ರೇಮವ್ವ ಅಟ್ಟ ಹತ್ತಿಲ್ಲ ಎಂಬುದೂ ಅವರಿಗೆ ಅಷ್ಟರಲ್ಲೇ ತಿಳಿದುಹೋಯಿತು.

"ಅರವತ್ತೆರಡು," ಎಂದ ಸಿದ್ದಲಿಂಗೇಶ. ಯಂತ್ರವನ್ನು ಕುಟ್ಟಿ ನೋಡಿದ, ಬದಿಗೆ ಹಿಡಿದ, ಮೇಲಕ್ಕೆ ಹಿಡಿದ. "ಅರವತ್ತೆರಡs. ಮೊನ್ನೆ ಎಪ್ಪತ್ನಾಲ್ಕು ಇತ್ತಲ್ರಿ! ಏನ್ ಮಾಡೀರಿ ಅಕ್ಕಾರ ಗಿರಣಿಗೆ?"

"ನಾ ಏನ್ ಮಾಡ್ಲೆಪಾ, ಒನಕಿ ಅವs ಅದಾವ," ಎಂದಳು ಬೀರವ್ವ. "ಒಳಗ ಏನೈತಿ ಅಂತ ಅವು ಹೇಳ್ತಾವ. ನನ್ನ ಯಾಕ ಕೇಳ್ತಿ? ಸಾಹುಕಾರ್ರ ಕಿವಿ ಪೇಟಿಗೆಲ್ಲ ಹೆಸರಾದದ್ದು. ಅವ್ರು ಕೇಳಿ ಹೇಳ್ಲಿ."

ಸಾಲಿನಲ್ಲಿ ಡಬ್ಬಿ ಹಿಡಿದು ನಿಂತವರೆಲ್ಲ ಅಧ್ಯಕ್ಷರ ಕಡೆ ತಿರುಗಿದರು. ಕನಕಪ್ಪನೂ ತಿರುಗಿದ.

"ಬೇರೆ ಕಾಯಿ ಹಾಕಿ ಮತ್ತೊಮ್ಮೆ ಅಳೀಲೇನ್ರಿ?" ಎಂದ ಸಿದ್ದಲಿಂಗೇಶ. "ಯಾಕಂದ್ರ ಇದನ್ನ ಬರದ್ರ ಅರ್ಜಿ ವಜಾ ಆಗ್ತದ. ಈ ಕಾಯಾಗ ಏನರ ಐಬು ಐತೇನು?"

ಪ್ರಶ್ನೆ ಸರಳವಾಗಿತ್ತು. ಐಬು ಇದೆ ಎಂದರೆ ಗಿರಣಿ ಹೋಗುತ್ತಿತ್ತು. ಜೊತೆಗೆ ಚೀಲಗಳೂ ಇಲ್ಲೇ ಉಳಿಯುತ್ತಿದ್ದವು. ತಮ್ಮ ಶಾಂತಿಪ್ರಿಯತೆ ಇಷ್ಟು ದುಬಾರಿ ಎಂದು ಅಲ್ಲಿಯವರೆಗೆ ಪ್ರಭುಲಿಂಗಪ್ಪನವರಿಗೇ ಗೊತ್ತಿರಲಿಲ್ಲ.

"ಐಬಾ? ನಮ್ಮ ಕಾಯಾಗ?" ಎಂದು ನಕ್ಕರು. "ಛೇ ಛೇ. ಮತ್ತ್ಯಾಕ ಅಳೀತೀರಿ. ಸದ್ದು ಹೇಳಿಕೊಳ್ಳುವಷ್ಟೇನಿಲ್ಲ. ಬಡವರ ಹೊಟ್ಟಿ ಮ್ಯಾಲೆ ಯಾಕ ಹೊಡೀಬೇಕು. ಬರಕೋರಿ."

"ಅರವತ್ತೆರಡು?"

"ಅರವತ್ತೆರಡು."

ಸಹಿ ಹಾಕಿದರು. ಬೀರವ್ವ ಮಡಿಲ ಕೈ ಸಡಿಲಿಸಿದಳು. ಉಳಿದ ನಲವತ್ತು ಸಹಿಗಳ ಒಡೆಯರು ಅಧ್ಯಕ್ಷರ ದೊಡ್ಡ ಮನಸ್ಸನ್ನು ಕೊಂಡಾಡಿ, ತಮಗೂ ಮೊದಲಿನಿಂದ ಹಾಗೇ ಅನ್ನಿಸಿತ್ತು ಎಂದರು. ಶ್ರೀದೇವಿ ಟೀಚರಿಗಂತೂ ಶುಕ್ರವಾರದ ಪಾಳಿ ಗಟ್ಟಿಯಾದ ಸಮಾಧಾನ.

ಕನಕಪ್ಪ ಮಾತ್ರ ಒನಕೆ ನಿಂತ ಮೇಲೆ ಒರಳಿಗೆ ಕೈ ಹಾಕಿ ಒಂದು ಹಿಡಿ ಖಾರ ತೆಗೆದ. ಮುಷ್ಟಿ ಬಿಗಿದು, ಬಿಚ್ಚಿದ. ಬೆರಳ ಸಂದಿಯಿಂದ ಉದುರಬೇಕಾದ ಖಾರ ಅಂಗೈ ಮೇಲೆ ದುಂಡಗೆ ಕೂತಿತ್ತು.

"ಕಾಯಿಗೆ ಎಣ್ಣಿ ಹಚ್ಯಾರ," ಎಂದರು ಪ್ರಭುಲಿಂಗಪ್ಪ ಅವಸರದಿಂದ.

ಕನಕಪ್ಪ ಮೂಸಿ ನೋಡಿದ. "ಉಂಡಿ ಚಲೋ ಆಗ್ಯಾವ್ರಿ ಸಾಹುಕಾರ್ರ," ಎಂದು ಅದನ್ನು ಅವರ ಅಂಗೈಯಲ್ಲಿಟ್ಟು, ನೀರು ಕೇಳಿ ಕೈ ತೊಳೆದುಕೊಂಡು, ರಾಣೇಬೆನ್ನೂರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದ.

ಚೀಲಗಳು ಉಳಿದವು. ಬೀರವ್ವನೇ ಪ್ರೇಮವ್ವನನ್ನು ಕರೆದು, "ಹಿಂಗs ಇಟ್ರ ಬೂಷ್ಟು ಬರ್ತೈತ್ರಿ ಯವ್ವಾ. ಉಳಿದ ಕಾಯಿ ಮಾಳಗಿ ಮ್ಯಾಲೆ ನಾಕು ದಿನ ಹರವಿ ತರ್ರಿ, ಕುಟ್ಟಿಕೊಡ್ತೇನಿ," ಎಂದಳು. ಪ್ರಶಾಂತ ನಗರದ ಅಧ್ಯಕ್ಷರ ಮಾಳಿಗೆ ನಾಲ್ಕು ದಿನ ಕೆಂಪಗಿತ್ತು. ಕೆಳಗೆ ಹೋಗಿಬರುವವರು ತಲೆಯೆತ್ತಿ ನೋಡಿ, ಸೀನಿ, ಮುಂದೆ ಹೋಗುತ್ತಿದ್ದರು.

ಐದನೆಯ ದಿನ ಪ್ರಭುಲಿಂಗಪ್ಪ ಊಟಕ್ಕೆ ಕೂತಿದ್ದಾಗ ಗಿರಣಿ ಶುರುವಾಯಿತು. ಛಟ್, ಛಟ್, ಛಟ್. ಕಿಟಕಿಯ ಗಾಜು ಕಂಪಿಸಿತು. ಎಪ್ಪತ್ನಾಲ್ಕಕ್ಕೆ ಒಂದೂ ಕಡಿಮೆ ಇರಲಿಕ್ಕಿಲ್ಲ. ಅಭ್ಯಾಸಬಲದಿಂದ ಅವರು ತುತ್ತು ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಿದರು.

"ಒಣಗ್ಯಾವ," ಎಂದರು ಹೆಂಡತಿಗೆ.

"ನೀವು ಹೇಳೋದು ಬ್ಯಾಡ," ಎಂದಳು ಪ್ರೇಮವ್ವ, ರೊಟ್ಟಿ ಹಾಕುತ್ತ. "ಇಡೀ ಓಣಿಗೆ ಕೇಳಾಕತ್ತೈತಿ."