ಚೀಲದ ಹೊರಗಿನ ನೀರು

ಮಿಸ್ಟರ್ ಕ್ಪೋಡೊ ಸೊನ್ನೆ ಹಾಕಿದ್ದು ಹಸಿರು ಶಾಯಿಯಲ್ಲಿ. ಹಾಕಿ, ಎಲ್ಲಿ ಯಾರಿಗಾದರೂ ಕಾಣದೆ ಹೋದೀತೋ ಎಂಬಂತೆ ಯಾಯ್ರಾಳ ರೆಕಾರ್ಡನ್ನು ಎತ್ತಿ ಇಡೀ ಲ್ಯಾಬಿಗೆ ತೋರಿಸಿದರು.

"ಎಲ್ಲರ ಟ್ಯೂಬಲ್ಲೂ ತಿಳಿನೀರು. ಇವಳೊಬ್ಬಳ ಟ್ಯೂಬಲ್ಲಿ ಬಿಳಿ ಮೋಡ! ಏನಮ್ಮಾ, ಮಳೆಗಾಲ ನಿನ್ನ ಟೇಬಲ್ಲೊಂದಕ್ಕೇ ಬಂದಿತ್ತಾ?"

ಹುಡುಗಿಯರು ನಕ್ಕರು. ಯಾಯ್ರಾ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ಮೋಡ ಇತ್ತು ಸರ್. ಇದ್ದಿದ್ದನ್ನ ಬರೆದೆ."

"ಕೈ ತೊಳೀದೆ ಟ್ಯೂಬ್ ಮುಟ್ಟಿದೆ ಅಂತ ಬರಿ. ಕೇಟಾದೋರಿಗೆ ಬೆವರೂ ಉಪ್ಪು, ಮಾತೂ ಉಪ್ಪು. ಇನ್ನು ಬೆರಳು ಬಿಟ್ಟೀತಾ?"

ಈ ಸಲ ನಗು ಜೋರಾಗಿತ್ತು. ಕೇಟಾ ಉಪ್ಪಿನ ಹಿನ್ನೀರಿನ ಊರು. ಯಾಯ್ರಾಳ ಮನೆ ಅಲ್ಲೇ, ಚಿಕ್ಕಮ್ಮ ಮೀನನ್ನು ಹೊಗೆಯಲ್ಲಿ ಒಣಗಿಸುವ ಒಲೆಗಳ ಪಕ್ಕದಲ್ಲಿ. ಅವಳು ಆಗಲೇ ಒಂದು ಸಲ ಜೀವಶಾಸ್ತ್ರದಲ್ಲಿ ಬಿದ್ದು ಅದೇ ವರ್ಷವನ್ನು ಮತ್ತೆ ಓದುತ್ತಿದ್ದಳು. ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಎರಡನೇ ಸಲ ಬಿದ್ದವರಿಗೆ ಮೂರನೇ ಸಲವಿಲ್ಲ. ಈ ಸೊನ್ನೆ ಉಳಿದರೆ ಅವಳು ಪೆಟ್ಟಿಗೆ ಕಟ್ಟಿಕೊಂಡು ಆ ಒಲೆಗಳ ಮುಂದೆ ಕೂರಬೇಕು.

ನಾನು ಹಿಂದಿನ ಗೋಡೆಗೆ ಒರಗಿ, ನನ್ನ ಹೆಸರನ್ನು ಯಾರೂ ಕರೆಯದಿರಲಿ ಎಂದು ನಿಂತಿದ್ದೆ. ಪದವಿ ಮುಗಿಸಿದವರು ಸರ್ಕಾರ ಕಳಿಸಿದಲ್ಲಿ ಒಂದು ವರ್ಷ ದುಡಿಯಬೇಕು. ನನ್ನನ್ನು ಅಕಾಟ್ಸಿಯ ಈ ಕಾಲೇಜಿಗೆ, ಮಿಸ್ಟರ್ ಕ್ಪೋಡೊ ಅವರ ಲ್ಯಾಬಿಗೆ ಸಹಾಯಕಿಯಾಗಿ ಕಳಿಸಿದ್ದರು. ಅದು ನಾನು ಅಲ್ಲಿ ನಡೆಸಿಕೊಟ್ಟ ಮೊದಲ ಪ್ರಯೋಗ.

ಪ್ರಯೋಗ ಸರಳವಾದದ್ದು. ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ತೆಳ್ಳನೆಯ ಪೊರೆಯಿದೆ. ಸಣ್ಣ ಕಣಗಳಲ್ಲಿ ಕೆಲವನ್ನು ದಾಟಲು ಬಿಡುತ್ತದೆ, ದೊಡ್ಡವನ್ನು ತಡೆಯುತ್ತದೆ. ಪೊರೆಯ ಬದಲು ನಾವು ಸೆಲ್ಲೋಫೇನ್ ಚೀಲವೊಂದನ್ನು ತೆಗೆದುಕೊಳ್ಳುತ್ತೇವೆ. ಒಳಗೆ ಉಪ್ಪುನೀರು ಮತ್ತು ಮರಗೆಣಸಿನ ಗಂಜಿ. ಬಾಯಿ ಕಟ್ಟಿ, ನೀರಿನ ಬೀಕರಿನಲ್ಲಿ ಮುಳುಗಿಸಿ ಕಾಯುವುದು. ಆಮೇಲೆ ಹೊರಗಿನ ನೀರಿಗೆ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟರೆ ಬಿಳಿ ಮೋಡ ಏಳುತ್ತದೆ: ಉಪ್ಪು ಚೀಲ ದಾಟಿ ಬಂದಿದೆ. ಅಯೋಡಿನ್ ಬಿಟ್ಟರೆ ನೀಲಿಯಾಗುವುದಿಲ್ಲ: ಗಂಜಿ ಒಳಗೇ ಉಳಿದಿದೆ. ಆದರೆ ಚೀಲ ಮುಳುಗಿಸುವ ಮೊದಲೇ ಹೊರಗಿನ ನೀರನ್ನು ಒಮ್ಮೆ ಪರೀಕ್ಷಿಸಬೇಕು. ಮೊದಲು ಇರಲಿಲ್ಲ ಎಂದು ತಿಳಿಯದೆ, ಆಮೇಲೆ ಬಂತು ಎನ್ನುವುದು ಹೇಗೆ?

ಆ ಮೊದಲ ಪರೀಕ್ಷೆಯಲ್ಲೇ ಯಾಯ್ರಾಳ ಟ್ಯೂಬು ಬೆಳ್ಳಗಾದದ್ದು. ಅವಳು ಬರೆದಳು: "ಚೀಲ ಹಾಕುವ ಮೊದಲೇ ನೀರಿನಲ್ಲಿ ಉಪ್ಪಿತ್ತು. ಆದ್ದರಿಂದ ಈ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ." ಎರಡನೇ ವಾಕ್ಯವೇ ಮಿಸ್ಟರ್ ಕ್ಪೋಡೊಗೆ ಉರಿ ಹತ್ತಿಸಿದ್ದು. ಪ್ರಯೋಗದ ಕೈಪಿಡಿ ಅವರದೇ ಬರಹ.

ಹನಿ ಹಂಚುತ್ತ ಟೇಬಲಿಂದ ಟೇಬಲಿಗೆ ಹೋಗುತ್ತಿದ್ದ ನಾನು ಅವಳ ಟ್ಯೂಬನ್ನು ನೋಡಿದ್ದೆ. ಉಳಿದವರ ಟ್ಯೂಬುಗಳನ್ನೂ ನೋಡಿದ್ದೆ. ಎಲ್ಲವೂ ಹಾಲು ಕದಡಿದಂತೆ ಬೆಳ್ಳಗಾಗಿದ್ದವು. ಆ ಬಿಳುಪನ್ನು ಎದುರಿಗಿಟ್ಟುಕೊಂಡೇ ಅಷ್ಟೂ ಪೆನ್ನುಗಳು "ಏನೂ ಕಾಣಲಿಲ್ಲ" ಎಂದು ಬರೆಯುತ್ತಿದ್ದವು.

ತರಗತಿ ಖಾಲಿಯಾದ ಮೇಲೆ ಮಿಸ್ಟರ್ ಕ್ಪೋಡೊ ನನ್ನತ್ತ ತಿರುಗಿದರು.

"ಆ ಹುಡುಗಿ ಪ್ರಿನ್ಸಿಪಾಲ್ ಹತ್ರ ಹೋಗಿದಾಳೆ. ನಾಳೆ ಅವ್ರು ಬರ್ತಾರೆ. ಟ್ಯೂಬ್ ಕೊಳಕಾಗಿತ್ತು, ನಾನೇ ನೋಡ್ದೆ ಅಂತ ಹೇಳು."

ನಾನು ಟೇಬಲುಗಳ ಮೇಲಿದ್ದ ಟ್ಯೂಬುಗಳನ್ನು ಒಟ್ಟುಮಾಡತೊಡಗಿದೆ.

"ಯೂನಿವರ್ಸಿಟೀಲಿ ನಾಲಿಗೆ ಠೇವಣಿ ಇಟ್ಟು ಬಂದಿದೀಯಾ ಮವುಸಿ? ಇಲ್ಲಿ ನೀನು ಇರೋದು ಒಂದು ವರ್ಷ. ನಿನ್ನ ಬಗ್ಗೆ ಕೊನೇಲಿ ನಾಲ್ಕು ಮಾತು ಬರೆಯೋನು ನಾನು. ನೆನಪಿರಲಿ."

ಊಟದ ಮನೆಯಲ್ಲಿ ಯಾಯ್ರಾ ನನ್ನ ಎದುರಿಗೇ ತಟ್ಟೆ ಕುಕ್ಕಿ ಕುಳಿತಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಆದರೂ ನನ್ನನ್ನು "ಡಾವಿ" ಎನ್ನುತ್ತಿದ್ದಳು. ನಮ್ಮಲ್ಲಿ ಅಕ್ಕನನ್ನು ಹಾಗೆ ಕರೆಯುವುದು. ಅವಳ ಬಾಯಲ್ಲಿ ಅದು ಬೈಗುಳದಂತಿತ್ತು.

"ಡಾವಿ, ಅಕ್ಪ್ಲೆ ಮುದ್ದೆ ನುಂಗೋಕೆ ಬಾಯಿ ಚೆನ್ನಾಗಿ ತೆರೆಯುತ್ತಲ್ಲ? ನೀವು ನೋಡಿದ್ರೋ ಇಲ್ವೋ?"

"ನೋಡ್ದೆ."

"ಹಾಗಾದ್ರೆ ನಾಳೆ ಹೇಳಿ."

"ಹೇಳಿದ್ರೆ ಸಾಲಲ್ಲ," ಅಂದೆ, ಬೆಂಡೆಕಾಯಿ ಸಾರಿನ ಬಟ್ಟಲನ್ನೇ ನೋಡುತ್ತ. "ನೀರಲ್ಲೇ ಉಪ್ಪಿತ್ತು ಅಂತ ನೀನು. ಟ್ಯೂಬ್ ಕೊಳಕಿತ್ತು ಅಂತ ಅವ್ರು. ಎರಡು ಮಾತಿಗೂ ಮೋಡ ಒಂದೇ. ಉಪ್ಪೇ ಇಲ್ಲದ ನೀರು ಬೇಕು. ಅದನ್ನ ಅದೇ ಟ್ಯೂಬಿಗೆ ಹಾಕಿ ನೋಡಬೇಕು."

"ಪ್ಯೂರ್ ವಾಟರ್ ಹಾಕಿದ್ವಲ್ಲ!"

ಆ ಮಾತು ಬಾಯಿಂದ ಬಿದ್ದದ್ದೇ ಇಬ್ಬರೂ ಹೊರಗೆ ನೋಡಿದೆವು. ಊಟದ ಮನೆಯ ಕಿಟಕಿಯಾಚೆ ಲಾರಿ ನಿಲ್ದಾಣದಲ್ಲಿ ತಲೆಯ ಮೇಲೆ ಬೋಗುಣಿ ಹೊತ್ತ ಹೆಂಗಸರು "ಪ್ಯೂರ್ ವಾಟರ್, ಐಸ್ ಪ್ಯೂರ್ ವಾಟರ್!" ಎಂದು ಕೂಗುತ್ತಿದ್ದರು. ಮೂಲೆ ಕಚ್ಚಿ ಹೀರುವ ಪ್ಲಾಸ್ಟಿಕ್ ಪ್ಯಾಕೆಟ್ಟಿನ ನೀರಿಗೆ ನಮ್ಮ ದೇಶದಲ್ಲಿ ಬೇರೆ ಹೆಸರೇ ಇಲ್ಲ. ಕೈಪಿಡಿ ಬರೆದ ಕಾಲದಲ್ಲಿ ಲ್ಯಾಬಿನಲ್ಲಿ ನೀರು ಬಟ್ಟಿ ಇಳಿಸುವ ಯಂತ್ರವಿತ್ತು. "ಬೀಕರಿಗೆ ಪ್ಯೂರ್ ವಾಟರ್ ತುಂಬಿ" ಎಂದರೆ ಆ ನೀರು. ಯಂತ್ರ ಕೆಟ್ಟಿತು, ಮಾತು ಉಳಿಯಿತು. ಈಗ ಪ್ರಯೋಗದ ದಿನ ಮಿಸ್ಟರ್ ಕ್ಪೋಡೊ ಪ್ಯಾಕೆಟ್ಟಿನ ಮೂಟೆ ತರಿಸುತ್ತಾರೆ. ಪುಸ್ತಕದಲ್ಲೂ ಪ್ಯೂರ್ ವಾಟರ್, ಪ್ಯಾಕೆಟ್ಟಿನ ಮೇಲೂ ಪ್ಯೂರ್ ವಾಟರ್.

"ಕೊಳವೆಬಾವಿ ನೀರು ಸೋಸಿ ತುಂಬ್ತಾರೆ ಅಷ್ಟೆ," ಅಂದೆ. "ಸೋಸಿದ್ರೆ ಉಪ್ಪು ಹೋಗಲ್ಲ."

"ಹೋಗಿ ನೀರು ಹುಡುಕಿ ಮತ್ತೆ. ಓದಿದೋರು ನೀವು." ತಟ್ಟೆ ಎತ್ತಿಕೊಂಡು ಎದ್ದಳು. "ಅಲ್ಲಾದ್ರೂ ಬಾಯಿ ಬಿಟ್ಟು ಕೇಳಿ."

ಗ್ಯಾರೇಜುಗಳ ಸಾಲಿನಲ್ಲಿ ನಾನು ಮೂರು ಅಂಗಡಿ ದಾಟಿ ಹೋಗಿ ಮತ್ತೆ ಹಿಂದಕ್ಕೆ ಬಂದೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಬೇಕು ಎಂದಾಗ ಅಂಗಡಿಯವನು ನನ್ನ ಹಿಂದೆ ಇಣುಕಿದ.

"ಗಾಡಿ ಎಲ್ಲಿ ಡಾವಿ?"

"ಗಾಡಿ ಇಲ್ಲ."

"ಮತ್ತೆ ಬ್ಯಾಟರಿ ಇಳಿದಿರೋದು ಯಾರಿಗೆ? ಮನೆಯೋರಿಗಾ?"

ಪಕ್ಕದ ಕಾರಿನ ಅಡಿಯಿಂದಲೂ ಒಂದು ನಗು ಬಂತು. ಮುಖ ಸುಡುತ್ತಿತ್ತು. ಆದರೂ ಶೀಶೆಯ ಮುಚ್ಚಳದ ಸೀಲನ್ನು ಎರಡು ಸಲ ನೋಡಿ, ಆಸಿಡ್ ಅಲ್ಲವಲ್ಲ ಎಂದು ಕೇಳಿಯೇ ತಂದೆ.

ಮರುದಿನ ಪ್ರಿನ್ಸಿಪಾಲ್ ಮೇಡಂ ಕುಟ್ಸಿಯೆನ್ಯೊ ಲ್ಯಾಬಿಗೆ ಬಂದರು. ಕಾಲೇಜಿಗೆ ಬರುವ ಮೊದಲು ಹೆರಿಗೆ ವಾರ್ಡು ನಡೆಸಿದವರು. ಅವರ ಚಪ್ಪಲಿ ಸದ್ದು ಕೇಳಿದರೇ ಹುಡುಗಿಯರು ಉಗುರು ಅಡಗಿಸುತ್ತಿದ್ದರು. ಇಡೀ ತರಗತಿ ನಿಂತಿತ್ತು. ಕ್ಲಾಸ್ ಲೀಡರ್ ಡೆಲಾಸಿ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು: "ಡಾವಿ, ನಮಗೆಲ್ಲ ಒಳ್ಳೇ ಅಂಕ ಬಂದಿದೆ. ಅವಳೊಬ್ಬಳಿಗೋಸ್ಕರ ನಮ್ಮನ್ನ ಕೆಡಿಸಿದ್ರೆ ನೋಡ್ಕೊಳ್ಳಿ."

"ಈ ಸಹಾಯಕಿ ಕಣ್ಣಾರೆ ನೋಡಿದಾಳೆ ಮೇಡಂ," ಮಿಸ್ಟರ್ ಕ್ಪೋಡೊ ಶುರು ಮಾಡಿದರು. "ಹೇಳಮ್ಮ."

ನಾನು ಶೀಶೆಯನ್ನು ಮೇಜಿನ ಮೇಲಿಟ್ಟೆ.

"ಇದೇನು?"

"ಬ್ಯಾಟರಿ ನೀರು, ಮೇಡಂ. ಬಟ್ಟಿ ಇಳಿಸಿದ್ದು." ನನ್ನ ದನಿ ನನಗೇ ದೂರದಿಂದ ಕೇಳಿದಂತಿತ್ತು. "ನಾನು ಮುಟ್ಟಲ್ಲ. ಯಾಯ್ರಾನೂ ಮುಟ್ಟೋದು ಬೇಡ. ಸರ್ ತಮ್ಮ ಬೀರುವಿನ ಟ್ಯೂಬ್ ತಗೊಂಡು ತಾವೇ ಮಾಡ್ಲಿ."

"ನೋಡಿ ಮೇಡಂ, ಎರಡು ದಿನದ ಹುಡುಗಿ ನನಗೆ ಕೆಲಸ ಹೇಳ್ತಾಳೆ. ನಾಳೆ ರೇಡಿಯೇಟರ್ ನೀರೂ ತರ್ತಾಳೆ."

"ಮಾಡಿ," ಎಂದರು ಪ್ರಿನ್ಸಿಪಾಲ್.

ಮಿಸ್ಟರ್ ಕ್ಪೋಡೊ ಬೀರು ತೆರೆದು ಟ್ಯೂಬು ತೆಗೆದರು, ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ನೀರು ಸುರಿದರು, ಹನಿ ಬಿಟ್ಟರು. ಬಿಳಿ ಮೋಡ ಎದ್ದಿತು.

"ಇದೂ ಕೊಳಕಿರಬೇಕು."

"ನಿಮ್ಮ ಬೀರುವಿನದಾ?" ಎಂದರು ಪ್ರಿನ್ಸಿಪಾಲ್.

ನಾನು ಶೀಶೆಯನ್ನು ಮಿಸ್ಟರ್ ಕ್ಪೋಡೊ ಅವರತ್ತ ತಳ್ಳಿದೆ. ಅದೇ ಟ್ಯೂಬನ್ನು ಆ ನೀರಿನಿಂದ ಚೆನ್ನಾಗಿ ಕಲಕಿ ಚೆಲ್ಲಿದರು, ಅದನ್ನೇ ತುಂಬಿದರು, ಹನಿ ಬಿಟ್ಟರು. ಕಿಟಕಿಯ ಬೆಳಕು ಟ್ಯೂಬಿನ ಮೂಲಕ ಹಾಗೆಯೇ ಹಾದುಹೋಯಿತು. ಪ್ರಿನ್ಸಿಪಾಲ್ ಮತ್ತೆ ಪ್ಯಾಕೆಟ್ಟಿನತ್ತ ಬೆರಳು ತೋರಿಸಿದರು. ಮತ್ತೆ ಮೋಡ.

"ಕುಡಿಯೋ ನೀರಲ್ಲಿ ಒಂಚೂರು ಉಪ್ಪು ಇದ್ದೇ ಇರುತ್ತೆ ಮೇಡಂ," ಮಿಸ್ಟರ್ ಕ್ಪೋಡೊ ಟ್ಯೂಬನ್ನು ಸ್ಟ್ಯಾಂಡಿಗೆ ತುರುಕುತ್ತ ಹೇಳಿದರು. "ಇದು ಎಲ್ಲರಿಗೂ ಗೊತ್ತಿರೋ ವಿಷಯ."

"ಎಲ್ಲರಿಗೂ ಗೊತ್ತಿದ್ರೆ ಬರೆದೋಳು ಒಬ್ಬಳೇ ಯಾಕೆ?"

ಪ್ರಿನ್ಸಿಪಾಲ್ ಮೇಜಿನ ಮೇಲಿದ್ದ ರೆಕಾರ್ಡುಗಳನ್ನು ಒಂದೊಂದಾಗಿ ಬಿಡಿಸಿ ಓದತೊಡಗಿದರು. ಏನೂ ಕಾಣಲಿಲ್ಲ. ಏನೂ ಕಾಣಲಿಲ್ಲ. ಏನೂ ಕಾಣಲಿಲ್ಲ. ಸ್ವಲ್ಪ ಓದಿ ನಿಲ್ಲಿಸಿದರು.

"ಕಣ್ಣು ಕಾಣದೋರು ಎಡಕ್ಕೆ ನಿಲ್ಲಿ. ಸುಳ್ಳು ಬರೆದೋರು ಬಲಕ್ಕೆ."

ಯಾರೂ ಅಲುಗಲಿಲ್ಲ. ಡೆಲಾಸಿಯೇ ಬಾಯಿಬಿಟ್ಟಳು. "ಮೇಡಂ, ಕೈಪಿಡಿಯಲ್ಲಿ ಹಾಗೇ ಇತ್ತು, ಮೊದಲು ಏನೂ ಕಾಣಬಾರದು ಅಂತ. ನಾವೇ ಏನೋ ತಪ್ಪು ಮಾಡಿದೀವಿ ಅಂದ್ಕೊಂಡು..."

"ಅಂದ್ಕೊಂಡು ಮುಚ್ಚಿಟ್ರಿ. ವಾರ್ಡಿನಲ್ಲೂ ಇದನ್ನೇ ಮಾಡ್ತೀರಿ. ಮೈ ಕೆಂಡದ ಹಾಗೆ ಸುಡ್ತಿರುತ್ತೆ, ಚಾರ್ಟಿನಲ್ಲಿ ಜ್ವರ ಇಲ್ಲ." ಅವರು ಪ್ಯಾಕೆಟ್ಟನ್ನು ಎತ್ತಿ ಹಿಡಿದರು. "ಇದನ್ನ ಡ್ರಿಪ್ ಅಂತ ನರಕ್ಕೆ ಬಿಟ್ರೆ ರಕ್ತಕಣ ನೀರು ಕುಡಿದು ಒಡೀತಾವೆ. ಆಗ ಸತ್ತೋರ ತಾಯಿಗೆ ಏನು ಹೇಳ್ತೀರಿ? ಪ್ಯಾಕೆಟ್ಟಿನ ಮೇಲೆ ಪ್ಯೂರ್ ಅಂತ ಬರೆದಿತ್ತು ಅಂತಾನಾ?"

ಸೊನ್ನೆ ಯಾಯ್ರಾಳಿಂದ ಕಳಚಿ ಉಳಿದವರೆಲ್ಲರಿಗೂ ಬಿತ್ತು. ಮರುದಿನ ಬೆಳಿಗ್ಗೆ ಎಲ್ಲರೂ ಪ್ರಯೋಗವನ್ನು ಮತ್ತೆ ಮಾಡಬೇಕು, ಒಳ್ಳೆಯ ನೀರಿನಲ್ಲಿ. ಮಿಸ್ಟರ್ ಕ್ಪೋಡೊ ಅಲ್ಲೇ ನಿಂತು ಯಾಯ್ರಾಳ ರೆಕಾರ್ಡಿನ ಪ್ರತಿ ಸಾಲನ್ನೂ ಕೆದಕಿದರು. ಅಕ್ಷರ ಚೆನ್ನಾಗಿಲ್ಲವೆಂದು ಕಳೆದರು, ಚಿತ್ರ ವಾರೆಯೆಂದು ಕಳೆದರು. ಪಾಸಾಗಲು ಎಷ್ಟು ಬೇಕೋ ಅಷ್ಟಕ್ಕೆ ಬಂದಾಗ ಪ್ರಿನ್ಸಿಪಾಲ್ ಕೆಮ್ಮಿದರು. ಹಸಿರು ಪೆನ್ನು ನಿಂತಿತು. ಕಾಲೇಜು ಉಳಿಯಿತು ಅವಳಿಗೆ, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲದೆ.

"ನಾಳೆ ನೀನೇ ನಡೆಸು," ಎಂದರು ಮಿಸ್ಟರ್ ಕ್ಪೋಡೊ ನನಗೆ. "ಸೋಮವಾರದಿಂದ ನಿನಗೆ ಲೈಬ್ರರಿ. ಅಲ್ಲಿ ಪುಸ್ತಕಗಳೂ ಮಾತಾಡಲ್ಲ, ಜೋಡಿ ಚೆನ್ನಾಗಿರುತ್ತೆ."

ಮರುದಿನ ಶನಿವಾರ. ಊರಿಗೆ ಹೋಗಬೇಕಿದ್ದ ಹುಡುಗಿಯರೆಲ್ಲ ಲ್ಯಾಬಿನಲ್ಲಿದ್ದರು. ಗ್ಯಾರೇಜಿನಿಂದ ಮತ್ತೆ ತಂದ ನೀರಿನ ಶೀಶೆಗಳನ್ನು ಯಾರೂ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ನಾನು ಮೇಜಿನ ಮೇಲಿಟ್ಟು ದೂರ ಸರಿದ ಮೇಲೆ ಬಂದು ಎತ್ತಿಕೊಂಡು ಹೋದರು. "ಫಿಟ್ಟರ್ ಮೇಡಂ" ಎಂದು ಯಾರೋ ಹೇಳಿದರು, ಉಳಿದವರು ಬ್ಯಾಟರಿ ಇಳಿದ ಗಾಡಿ ಸ್ಟಾರ್ಟ್ ಮಾಡುವ ಸದ್ದು ಮಾಡಿದರು. ನಾನು ಟ್ಯೂಬುಗಳನ್ನು ಜೋಡಿಸುತ್ತಿದ್ದೆ.

ಅಷ್ಟರಲ್ಲಿ ಯಾಯ್ರಾ ಬಂದಳು. ಡೆಲಾಸಿ ದಾರಿಗೆ ಕಾಲು ಚಾಚಿದಳು. "ರಾಣಿಯಮ್ಮ, ನಿನ್ನದು ಪಾಸಾಯ್ತಲ್ಲ. ಇಲ್ಲೇನು ಕೆಲಸ? ನಮ್ಮ ಗೋಳು ನೋಡೋಕೆ ಬಂದ್ಯಾ?"

"ಕಾಲು ತೆಗಿ. ನಿನ್ನ ಗೋಳು ಯಾರಿಗೆ ಬೇಕು?" ಯಾಯ್ರಾ ಒಂದು ಚೀಲಕ್ಕೆ ಉಪ್ಪುನೀರು, ಗಂಜಿ ತುಂಬಿ ದಾರ ಕಟ್ಟತೊಡಗಿದಳು. "ಉಪ್ಪು ಚೀಲ ದಾಟುತ್ತೋ ಇಲ್ವೋ ನಾನಿನ್ನೂ ನೋಡಿಲ್ಲ. ನೀನೂ ನೋಡಿಲ್ಲ."

ಮೊದಲ ಹನಿಗೆ ಅವಳ ಟ್ಯೂಬು ತಿಳಿಯಾಗಿಯೇ ಇತ್ತು. ಬರೆದುಕೊಂಡಳು. ಚೀಲ ಮುಳುಗಿಸಿ, ಗಲ್ಲಕ್ಕೆ ಕೈ ಕೊಟ್ಟು, ಬೀಕರನ್ನು ಜಗಳಕ್ಕೆ ಕರೆಯುವವಳಂತೆ ದಿಟ್ಟಿಸುತ್ತ ಕುಳಿತಳು. ಹೊತ್ತಾದ ಮೇಲೆ ಹೊರಗಿನ ನೀರನ್ನು ತೆಗೆದು ಮತ್ತೆ ಹನಿ ಬಿಟ್ಟಳು. ನಾನು ತಡೆಯಲಾರದೆ ಹತ್ತಿರ ಹೋಗಿ ಬಗ್ಗಿದೆ.

"ಸರೀರಿ ಡಾವಿ," ಎಂದಳು ತಲೆಯೆತ್ತದೆ. "ಬೆಳಕಿಗೆ ಅಡ್ಡ ನಿಂತಿದೀರಿ."